ಗೆಲ್ಲಬೇಕಾದದ್ದು ಹಾರಾಟ, ಶೀಲ್ಡ್ ಅಲ್ಲ: ಎಲೀಟ್ ಡೇಂಜರಸ್ ವಿನ್ಯಾಸ ತಂಡಕ್ಕೆ ಬಹಿರಂಗ ಪತ್ರ

ಫ್ರಾಂಟಿಯರ್ ಡೆವಲಪ್‌ಮೆಂಟ್ಸ್‌ನ ಎಲೀಟ್ ಡೇಂಜರಸ್ ವಿನ್ಯಾಸ ತಂಡಕ್ಕೆ, ಮತ್ತು ಈ ಆಟ ಆಡುವ ಕನ್ನಡದ ಕಮಾಂಡರ್‌ಗಳಿಗೆ,

ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಎಲೀಟ್ ಡೇಂಜರಸ್ ಅನ್ನುವ ನಿಮ್ಮ ಬಾಹ್ಯಾಕಾಶ ಆಟದಲ್ಲಿ ನೌಕೆ ಹಾರುವ ರೀತಿ ಇದೆಯಲ್ಲ, ಅದಕ್ಕೆ ಕೈ ಹಾಕಬೇಡಿ. ಆದರೆ ಆಟಗಾರರ ನಡುವಿನ ಕಾಳಗದಲ್ಲಿ ಆ ಹಾರಾಟಕ್ಕೆ ಬೆಲೆಯೇ ಇಲ್ಲದಂತೆ ಮಾಡಿರುವ ಶೀಲ್ಡ್, ಅಂದರೆ ನೌಕೆಯ ಸುತ್ತಲಿನ ರಕ್ಷಾ ಕವಚದ ಲೆಕ್ಕವನ್ನು ದಯವಿಟ್ಟು ಸರಿಪಡಿಸಿ. ನಾನು ಮುಖ್ಯವಾಗಿ ಕೇಳುವುದು ಇದೊಂದನ್ನೇ. ಉಳಿದದ್ದೆಲ್ಲ ಯಾಕೆ ಕೇಳುತ್ತಿದ್ದೇನೆ ಅನ್ನುವುದರ ವಿವರ.

ಕನ್ನಡದಲ್ಲಿ ಬರೆಯಲು ಕಾರಣವಿದೆ. ಇದು ನಿಮಗೆ ಮಾತ್ರ ಬರೆದ ಪತ್ರ ಅಲ್ಲ. ಇಲ್ಲಿಯೂ ಈ ಆಟ ಆಡುವವರಿದ್ದಾರೆ, ಆಡಿ ಬಿಟ್ಟವರೂ ಇದ್ದಾರೆ. ಎಷ್ಟು ಹೊಡೆದರೂ ಎದುರಿನವರ ಶೀಲ್ಡ್ ಇಳಿಯುವುದಿಲ್ಲ, ತಮಗೆ ಆಡಲು ಬರುವುದಿಲ್ಲವೇನೋ ಅಂದುಕೊಂಡು ಬಿಟ್ಟವರು ಅವರು. ತೊಂದರೆ ಅವರ ಕೈಯಲ್ಲಿಲ್ಲ, ಲೆಕ್ಕದಲ್ಲಿದೆ. ಅದು ಅವರಿಗೂ ತಿಳಿಯಬೇಕು.

ಮೊದಲು ಹಾರಾಟದ ಮಾತು. ಅದರ ಬೆಲೆ ಗೊತ್ತಾಗದೆ ದೂರಿನ ತೂಕವೂ ಗೊತ್ತಾಗುವುದಿಲ್ಲ.

1984ರಲ್ಲಿ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಸೇರಿ ಬಿಬಿಸಿ ಮೈಕ್ರೋ ಕಂಪ್ಯೂಟರಿಗೆ ಮೊದಲ ಎಲೀಟ್ ಮಾಡಿದರು. ಬರೀ ಗೆರೆಗಳಲ್ಲಿ ಬಿಡಿಸಿದ ನೌಕೆಗಳು, ಹಾರಾಟ ಮಾತ್ರ ವಿಮಾನದ್ದೇ. ಮೂಗು ಎತ್ತ ತಿರುಗಿದರೆ ನೌಕೆ ಅತ್ತ ಹೋಗುತ್ತಿತ್ತು. 1993ರ ಫ್ರಾಂಟಿಯರ್: ಎಲೀಟ್ 2ರಲ್ಲಿ ಬ್ರೇಬೆನ್ ಇನ್ನೊಂದು ತುದಿಗೆ ಹೋದರು. ಅಲ್ಲಿ ಪೂರ್ತಿ ನ್ಯೂಟನ್ನನ ನಿಯಮ. ಒಮ್ಮೆ ವೇಗ ಪಡೆದ ನೌಕೆ ತಾನಾಗಿ ನಿಲ್ಲುವುದಿಲ್ಲ. ನಿಲ್ಲಬೇಕಾದರೆ ಉಲ್ಟಾ ತಿರುಗಿ, ಅಷ್ಟೇ ಹೊತ್ತು ಎಂಜಿನ್ ಉರಿಸಬೇಕು. ಭೌತಶಾಸ್ತ್ರ ಸರಿ ಇತ್ತು. ಕಾಳಗ ಮಾತ್ರ ಕೆಟ್ಟಿತು. ಎರಡು ನೌಕೆಗಳು ಭಾರೀ ವೇಗದಲ್ಲಿ ಎದುರುಬದುರು ಬಂದು, ಒಂದು ಕ್ಷಣ ಗುಂಡು ಹಾರಿಸಿ, ದಾಟಿ ಹೋಗಿ, ಮತ್ತೆ ತಿರುಗಿ ಬರುವುದೇ ಯುದ್ಧವಾಯಿತು.

2014ರ ಡಿಸೆಂಬರ್ 16ಕ್ಕೆ ಬಂದ ಎಲೀಟ್ ಡೇಂಜರಸ್ ಇವೆರಡರ ನಡುವೆ ಒಂದು ದಾರಿ ಹುಡುಕಿತು. ಅದು ಸುಮ್ನೆ ಮಾಡಿಕೊಂಡ ರಾಜಿ ಅಲ್ಲ. ತುಂಬಾ ಯೋಚಿಸಿ ಇಟ್ಟ ಮೂರು ನಾಲ್ಕು ನಿಯಮಗಳು ಅಷ್ಟೇ, ಆದರೆ ಅವು ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ನೋಡಿ. ಪ್ರತಿ ನೌಕೆಗೂ ಒಂದು ಗರಿಷ್ಠ ವೇಗವಿದೆ. ಹಾಗಾಗಿ ಇಬ್ಬರು ಎದುರಾದರೆ ಕಣ್ಣಿಗೆ ಕಾಣುವಷ್ಟು ಹೊತ್ತು ಒಬ್ಬರ ಹತ್ತಿರ ಒಬ್ಬರು ಇರುತ್ತಾರೆ. ಥ್ರಾಟಲ್‌ನ ನಡುವೆ ಒಂದು ನೀಲಿ ಪಟ್ಟಿ ಇದೆ. ವೇಗ ಅಲ್ಲಿದ್ದಾಗ ನೌಕೆ ಚೆನ್ನಾಗಿ ತಿರುಗುತ್ತದೆ, ಜಾಸ್ತಿ ಆದರೂ ಕಡಿಮೆ ಆದರೂ ತಿರುಗುವುದು ನಿಧಾನ. ಅಂದರೆ ಓಡುವುದೋ, ತಿರುಗುವುದೋ ಅಂತ ಪೈಲಟ್ ಕ್ಷಣಕ್ಷಣಕ್ಕೂ ತೀರ್ಮಾನ ಮಾಡಬೇಕು.

ಇನ್ನು ಯಾ. ಮೂಗನ್ನು ಎಡಕ್ಕೋ ಬಲಕ್ಕೋ ತಿರುಗಿಸುವ ಈ ಚಲನೆಯನ್ನು ಬೇಕೆಂದೇ ನಿಧಾನ ಇಟ್ಟಿದ್ದೀರಿ. ಹೊಸಬರು ಮೊದಲು ಸಿಟ್ಟಾಗುವುದು ಇದಕ್ಕೇ. ಬಾಹ್ಯಾಕಾಶದಲ್ಲಿ ಎಲ್ಲ ದಿಕ್ಕಿಗೂ ಒಂದೇ ವೇಗದಲ್ಲಿ ಯಾಕೆ ತಿರುಗಬಾರದು ಅಂತ ಕೇಳುತ್ತಾರೆ. ತಿರುಗಿದ್ದರೆ ನೌಕೆ ಬರೀ ಒಂದು ತೇಲುವ ಫಿರಂಗಿ ಆಗುತ್ತಿತ್ತು. ಇದ್ದಲ್ಲೇ ಇದ್ದು ಮೂಗು ತಿರುಗಿಸಿ ಹೊಡೆದರೆ ಸಾಕಾಗುತ್ತಿತ್ತು. ಯಾ ನಿಧಾನ ಇರುವುದರಿಂದಲೇ ಪೈಲಟ್ ಮೊದಲು ಉರುಳಬೇಕು, ಆಮೇಲೆ ಮೂಗೆತ್ತಬೇಕು. ಎದುರಾಳಿ ಯಾವ ಕಡೆ ಉರುಳುತ್ತಿದ್ದಾನೆ ಅಂತ ನೋಡಿ ಅವನ ಮುಂದಿನ ನಡೆ ಊಹಿಸಬಹುದು. ಹಿಂದೆ ಬಿದ್ದವನನ್ನು ಮುಂದೆ ಬರುವಂತೆ ಮಾಡಬಹುದು. ಡಾಗ್‌ಫೈಟ್ ಅನ್ನುವುದು ಹುಟ್ಟುವುದೇ ಇಲ್ಲಿ.

ಇದೆಲ್ಲದರ ಕೆಳಗೆ ಇನ್ನೊಂದು ಆಟ ಅಡಗಿದೆ. ಫ್ಲೈಟ್ ಅಸಿಸ್ಟ್ ಆಫ್ ಮಾಡಿದರೆ ಕಂಪ್ಯೂಟರ್ ನಿಮ್ಮ ಕೈ ಬಿಡುತ್ತದೆ. ತಿರುಗಲು ಶುರು ಮಾಡಿದ ನೌಕೆ ತಿರುಗುತ್ತಲೇ ಇರುತ್ತದೆ, ನಿಲ್ಲಿಸುವುದು ನಿಮ್ಮ ಕೆಲಸ. ಜಾರಲು ಶುರು ಮಾಡಿದ್ದು ಜಾರುತ್ತಲೇ ಇರುತ್ತದೆ. ಮೊದಮೊದಲು ತಲೆ ಸುತ್ತುತ್ತದೆ. ಆದರೆ ಕಲಿತವರು ಒಂದು ದಿಕ್ಕಿಗೆ ಜಾರುತ್ತಾ ಇನ್ನೊಂದು ದಿಕ್ಕಿಗೆ ಮೂಗು ಇಟ್ಟು ಹೊಡೆಯುವುದನ್ನು ನೋಡಿದರೆ, ಇದು ನೃತ್ಯದಷ್ಟೇ ಅಭ್ಯಾಸ ಬೇಡುವ ವಿದ್ಯೆ ಅಂತ ಯಾರಿಗಾದರೂ ಅನ್ನಿಸುತ್ತದೆ. ನಿಜವಾದ ಬಾಹ್ಯಾಕಾಶದಲ್ಲಿ ಇರುವುದು ಇದೇ ಸ್ಥಿತಿ. 2024ರ ಡಿಸೆಂಬರ್ 30ರಂದು ಇಸ್ರೋ ಹಾರಿಸಿದ ಸ್ಪೇಡೆಕ್ಸ್‌ನ ಎರಡು ಉಪಗ್ರಹಗಳು 2025ರ ಜನವರಿ 16ರಂದು ಜೋಡಣೆಯಾದವು. ತಲಾ ಸುಮಾರು 220 ಕೆಜಿ ತೂಕ. 15 ಮೀಟರ್ ದೂರದಲ್ಲಿ ಒಮ್ಮೆ ತಡೆದು, 3 ಮೀಟರ್ ದೂರದಲ್ಲಿ ಇನ್ನೊಮ್ಮೆ ತಡೆದು, ಆಮೇಲೆ ಮೆಲ್ಲಗೆ ಕೂಡಿಸಿದರು. ಅಲ್ಲಿ ಬ್ರೇಕ್ ಅನ್ನುವುದೇ ಇಲ್ಲ. ಪ್ರತಿ ತಳ್ಳುವಿಕೆಗೂ ಒಂದು ಎದುರು ತಳ್ಳುವಿಕೆ ಬೇಕು. ಅಸಿಸ್ಟ್ ಆಫ್ ಮಾಡಿ ಸ್ಟೇಷನ್ ಒಳಗೆ ನೌಕೆ ಇಳಿಸಿದ ಯಾವ ಆಟಗಾರನಿಗೂ ಆ ಸುದ್ದಿ ಓದಿದಾಗ ಅದರ ಕಷ್ಟ ಉಳಿದವರಿಗಿಂತ ಚೆನ್ನಾಗಿ ಅರ್ಥ ಆಗಿರುತ್ತದೆ. ನೀವು ಮಾಡಿರುವ ಆಟದ ದೊಡ್ಡತನ ಇದು.

ಹಾರಾಟದ ಜೊತೆಗೆ ಪಿಪ್‌ಗಳನ್ನೂ ಹೇಳಬೇಕು. ನೌಕೆಯ ವಿದ್ಯುತ್ತನ್ನು ಶೀಲ್ಡ್, ಎಂಜಿನ್, ಆಯುಧ ಈ ಮೂರಕ್ಕೆ ಹಂಚಲು ಒಟ್ಟು 6 ಪಿಪ್. ಒಂದಕ್ಕೆ ಹೆಚ್ಚೆಂದರೆ 4. ಶೀಲ್ಡ್‌ಗೆ 4 ಇಟ್ಟರೆ ಅದಕ್ಕೆ ತಗಲುವ ಏಟು 60 ಪರ್ಸೆಂಟ್ ಕಡಿಮೆಯಾಗುತ್ತದೆ, ಆದರೆ ಗನ್ ಬೇಗ ಬರಿದಾಗುತ್ತದೆ. ಗನ್‌ಗೆ ಇಟ್ಟರೆ ಮೈ ತೆರೆದುಕೊಳ್ಳುತ್ತದೆ. ಎದುರಾಳಿಯ ಗನ್ ತನ್ನತ್ತ ಇದ್ದಾಗ ಶೀಲ್ಡ್‌ಗೆ, ತನ್ನ ಗನ್ ಅವನತ್ತ ಬಂದ ತಕ್ಷಣ ಆಯುಧಕ್ಕೆ. ಒಳ್ಳೆಯ ಪೈಲಟ್‌ನ ಎಡಗೈ ಹೀಗೆ ಒಂದೇ ಸಮ ಓಡಾಡುತ್ತಿರುತ್ತದೆ. ಬಿಸಿಯ ಲೆಕ್ಕ ಬೇರೆ. ಗನ್ ಹಾರಿಸಿದರೆ ನೌಕೆ ಬಿಸಿಯಾಗುತ್ತದೆ. ನೂರು ಪರ್ಸೆಂಟ್ ದಾಟಿದರೆ ಒಳಗಿನ ಯಂತ್ರಗಳೇ ಹಾಳಾಗುತ್ತವೆ. ಗಾಜಿನ ಮೇಲ್ಛಾವಣಿ ಒಡೆದರೆ ಉಸಿರಾಟದ ಗಡಿಯಾರ ಶುರು, ಯಾವ ದರ್ಜೆಯ ಜೀವರಕ್ಷಕ ಯಂತ್ರ ಇದೆ ಅನ್ನುವುದರ ಮೇಲೆ 5 ನಿಮಿಷದಿಂದ 25 ನಿಮಿಷ. ಎಂಥಾ ಕಾಳಗ ಆಗಬಹುದಿತ್ತು ಅಲ್ವಾ ಇದು?

ಆಗುತ್ತಿಲ್ಲ. ಯಾಕೆ ಅಂತ ಈಗ ಲೆಕ್ಕ ಹಾಕೋಣ.

2016ರಲ್ಲಿ ಎಂಜಿನಿಯರ್ಸ್ ಅಪ್‌ಡೇಟ್ ಬಂತು. ನೌಕೆಯ ಹೆಚ್ಚಿನ ಭಾಗಗಳನ್ನು ಐದು ಹಂತದವರೆಗೆ ಸುಧಾರಿಸಬಹುದು ಅಂತಾಯಿತು. ಒಳ್ಳೆಯ ಯೋಚನೆಯೇ. ಪ್ರತಿಯೊಬ್ಬರ ನೌಕೆಗೂ ಅದರದೇ ಸ್ವಭಾವ ಬಂತು. ಆದರೆ ದಾಳಿ ಮತ್ತು ರಕ್ಷಣೆ ಎರಡೂ ಒಂದೇ ಪ್ರಮಾಣದಲ್ಲಿ ಬೆಳೆಯಲಿಲ್ಲ.

ಒಂದು ದೊಡ್ಡ ನೌಕೆ ತಗೊಳ್ಳಿ. ಅನಕೊಂಡಾ ಅಥವಾ ಫೆಡರಲ್ ಕಾರ್ವೆಟ್. ಎರಡಕ್ಕೂ ಶೀಲ್ಡ್ ಬೂಸ್ಟರ್, ಅಂದರೆ ಶೀಲ್ಡ್‌ನ ಬಲ ಹೆಚ್ಚಿಸುವ ಭಾಗ, ಹಾಕಬಹುದಾದ 8 ಜಾಗಗಳಿವೆ. ಎ ದರ್ಜೆಯ ಒಂದು ಬೂಸ್ಟರ್ 20 ಪರ್ಸೆಂಟ್ ಸೇರಿಸುತ್ತದೆ. ಎಂಟು ಹಾಕಿದರೆ 160. ಅಂದರೆ ಶೀಲ್ಡ್ ಮೂಲ ಬಲದ 2.6 ಪಟ್ಟು. ಇದು ಎಂಜಿನಿಯರಿಂಗ್ ಇಲ್ಲದ ಲೆಕ್ಕ. ಈಗ ಅದೇ ಬೂಸ್ಟರಿಗೆ ಹೆವಿ ಡ್ಯೂಟಿ ಅನ್ನುವ ಸುಧಾರಣೆಯ ಐದನೇ ಹಂತ ಹಾಕಿ. ಒಂದೊಂದು ಬೂಸ್ಟರ್ ಸುಮಾರು 65 ಪರ್ಸೆಂಟ್ ಸೇರಿಸುತ್ತದೆ. ಎಂಟು ಸೇರಿದರೆ ಮೂಲ ಬಲದ 6 ಪಟ್ಟಿಗೂ ಮೇಲೆ. ಶೀಲ್ಡ್ ಜನರೇಟರನ್ನೂ ರೀಇನ್‌ಫೋರ್ಸ್ಡ್ ಐದನೇ ಹಂತಕ್ಕೆ ಒಯ್ದರೆ ಅದರ ಮೇಲೆ ಇನ್ನೊಂದು 38 ಪರ್ಸೆಂಟ್. ಒಟ್ಟು ಹಿಡಿದರೆ ಎಂಜಿನಿಯರಿಂಗ್ ಒಂದರಿಂದಲೇ ರಕ್ಷಣೆ 3 ಪಟ್ಟಿಗಿಂತ ಜಾಸ್ತಿ ಬೆಳೆಯುತ್ತದೆ.

ಗನ್ ಕಡೆ ನೋಡಿ. ಏಟಿನ ಬಲ ಹೆಚ್ಚಿಸುವ ಓವರ್‌ಚಾರ್ಜ್ಡ್ ಐದನೇ ಹಂತ ಕೊಡುವುದು 70 ಪರ್ಸೆಂಟ್. ಅಂದರೆ 1.7 ಪಟ್ಟು. ಅದಕ್ಕೂ ಬಿಸಿ, ವಿದ್ಯುತ್ತು ಅಂತ ಬೆಲೆ ತೆರಬೇಕು.

ಒಂದು ಕಡೆ 3 ಪಟ್ಟಿಗೂ ಮೇಲೆ, ಇನ್ನೊಂದು ಕಡೆ 1.7 ಪಟ್ಟು. ಇದರ ಮೇಲೆ ಶೀಲ್ಡನ್ನು ಮತ್ತೆ ತುಂಬುವ ಸೆಲ್ ಬ್ಯಾಂಕ್‌ಗಳು ಬೇರೆ. ಶೀಲ್ಡ್ ಹೋದ ಮೇಲೂ ನೌಕೆಯ ಮೈ ಗಟ್ಟಿ ಮಾಡುವ ಹಲ್ ರೀಇನ್‌ಫೋರ್ಸ್‌ಮೆಂಟ್‌ಗಳ ಇನ್ನೊಂದು ಗೋಡೆ. ನಾಲ್ಕು ಪಿಪ್ ಶೀಲ್ಡ್‌ಗೆ ಇಟ್ಟವನಿಗೆ ಶೀಲ್ಡ್‌ನ ಬಲ ಮತ್ತೆ ಎರಡೂವರೆ ಪಟ್ಟು. ಚೆನ್ನಾಗಿ ಹಾರಿ, ಹಿಂದೆ ಬಿದ್ದು, ನೀಲಿ ಪಟ್ಟಿಯಲ್ಲಿ ತಿರುಗಿ, ಹೊಡೆಯಲು ಪಡೆದ ಮೂರು ನಾಲ್ಕು ಸೆಕೆಂಡಿನ ಅವಕಾಶ ಈ ಗೋಡೆಗೆ ಏನೂ ಮಾಡುವುದಿಲ್ಲ. ಮುಟ್ಟಿದರೂ ಹಿಡಿದರೂ ಔಟ್ ಇಲ್ಲ, ಐವತ್ತು ಸಲ ಹಿಡಿದ ಮೇಲೆ ಔಟ್ ಅಂತ ಕಬಡ್ಡಿಯಲ್ಲಿ ನಿಯಮ ಮಾಡಿದರೆ ರೈಡರ್‌ನ ಚುರುಕಿಗೆ ಏನು ಬೆಲೆ? ಹಾಗಾಗಿದೆ ಪರಿಸ್ಥಿತಿ.

ಇದರಿಂದ ಹುಟ್ಟಿರುವ ತೊಂದರೆ ಬರೀ ಬೇಸರ ಅಲ್ಲ. ತಪ್ಪಿಸಿಕೊಳ್ಳುವ ನಿಯಮ ನೆನಪಿಸಿಕೊಳ್ಳಿ. ಹತ್ತಿರ ದೊಡ್ಡ ನೌಕೆ ಇದ್ದರೆ ಅದರ ಭಾರ ತಡೆಯುತ್ತದೆ, ಇದಕ್ಕೆ ಮಾಸ್ ಲಾಕ್ ಅಂತಾರೆ. ಆಗ ಸೂಪರ್‌ಕ್ರೂಸ್‌ಗೆ, ಅಂದರೆ ಅದೇ ನಕ್ಷತ್ರದ ಸುತ್ತ ದೂರ ಹೋಗುವ ವೇಗದ ಓಟಕ್ಕೆ, ಹೋಗುವುದು ತಡವಾಗುತ್ತದೆ. ಆದರೆ ಬೇರೆ ನಕ್ಷತ್ರಕ್ಕೆ ನೆಗೆಯಲು ಮಾಸ್ ಲಾಕ್ ಅಡ್ಡ ಬರುವುದಿಲ್ಲ. ಹದಿನೈದು ಇಪ್ಪತ್ತು ಸೆಕೆಂಡ್ ಬದುಕಿದ್ದರೆ ಸಾಕು. ಶೀಲ್ಡ್ ನಿಮಿಷಗಟ್ಟಲೆ ನಿಲ್ಲುವಾಗ ಸೆಕೆಂಡ್‌ಗಳ ಲೆಕ್ಕದಲ್ಲಿ ಓಡಿಹೋಗಬಹುದು. ಅಂದರೆ ಸಮಬಲದ ಇಬ್ಬರ ನಡುವೆ, ಸೋಲುವವನು ಸೋಲಲು ಒಪ್ಪಿದರೆ ಮಾತ್ರ ಕಾಳಗ ಮುಗಿಯುತ್ತದೆ. ಒಪ್ಪದವನು ಹೊರಟುಹೋಗುತ್ತಾನೆ.

ಹಾಗಾದರೆ ಎಲ್ಲ ಆಟಗಾರರೂ ಎದುರಾಗುವ ಓಪನ್ ಮೋಡ್‌ನಲ್ಲಿ ಯಾರನ್ನು ಹೊಡೆದುರುಳಿಸಲು ಆಗುತ್ತದೆ? ಹದಿನೈದು ಸೆಕೆಂಡ್ ಬದುಕಲು ಆಗದವರನ್ನು ಮಾತ್ರ. ಎಂಜಿನಿಯರಿಂಗ್ ಆಗದ ನೌಕೆಯವರನ್ನು, ನಿನ್ನೆ ಮೊನ್ನೆ ಬಂದವರನ್ನು. ಡೆಸಿಯಾಟ್ ಅಂದ ತಕ್ಷಣ ಹಳಬರೆಲ್ಲ ತಲೆ ಆಡಿಸುತ್ತಾರೆ. ಹೊಸಬರು ತಮ್ಮ ಮೊದಲ ಎಂಜಿನಿಯರ್ ಫೆಲಿಸಿಟಿ ಫಾರ್ಸಿಯರ್ ಹತ್ತಿರ ಹೋಗುವ ಜಾಗ ಅದು. ಕಾದು ಕುಳಿತು ಹೊಡೆಯುವವರ ಜಾಗವೂ ಅದೇ. ಎರಡು ಸಣ್ಣ ಗನ್, ಎರಡು ಬೂಸ್ಟರ್ ಜಾಗದ ಸೈಡ್‌ವೈಂಡರ್ ಒಂದು ಕಡೆ. ಒಂದು ಭಾರೀ ಗನ್, ನಾಲ್ಕು ಮಧ್ಯಮ ಗನ್, ಆರು ಬೂಸ್ಟರ್ ಜಾಗದ ಫರ್-ಡಿ-ಲ್ಯಾನ್ಸ್ ಇನ್ನೊಂದು ಕಡೆ. ಇದನ್ನು ಆಟಗಾರರ ದುಷ್ಟತನ ಅಂತ ಬಿಟ್ಟುಬಿಡುವುದು ಸುಲಭ. ಸ್ವಲ್ಪ ಮಟ್ಟಿಗೆ ಹೌದು ಕೂಡ. ಆದರೆ ಸಮಬಲದವರ ಜೊತೆ ಕಾದಾಡಿ ಗೆಲ್ಲುವ ದಾರಿಯನ್ನು ಲೆಕ್ಕವೇ ಮುಚ್ಚಿಬಿಟ್ಟಾಗ ಉಳಿಯುವುದು ಇದೊಂದೇ ಬೇಟೆ. ಹೊಡೆಸಿಕೊಂಡ ಹೊಸಬರು ಏನು ಮಾಡುತ್ತಾರೆ? ಒಬ್ಬರೇ ಆಡುವ ಸೋಲೋಗೆ ಹೋಗುತ್ತಾರೆ, ಮತ್ತೆ ಓಪನ್ ಕಡೆ ಬರುವುದಿಲ್ಲ. ನಾಳೆಯ ಒಳ್ಳೆಯ ಎದುರಾಳಿಗಳನ್ನು ನಾವು ಕಳೆದುಕೊಳ್ಳುತ್ತಿರುವುದು ಹೀಗೆ. ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವುದು ಈ ಭಾಗ.

ಇನ್ನೊಂದು ತೊಂದರೆ ಹಾರಾಟಕ್ಕೇ ಅಂಟಿಕೊಂಡಿದೆ. ಹಿಂದೆ ಹಿಂದೆ ಹಾರುತ್ತಾ ಮುಂದಕ್ಕೆ ಹೊಡೆಯುವುದು, ರಿವರ್ಸ್‌ಕಿ ಅಂತಾರಲ್ಲ, ಅದು. ಅಸಿಸ್ಟ್ ಆಫ್ ಮಾಡಿ, ಎಂಜಿನ್‌ಗೆ ಬೂಸ್ಟ್ ಕೊಟ್ಟು, ಉಲ್ಟಾ ತಿರುಗಿ ಜಾರುತ್ತಾ ಅಟ್ಟಿಸಿಕೊಂಡು ಬರುವವನಿಗೆ ಗುರಿ ಇಡುವುದು. ಬಾಹ್ಯಾಕಾಶದಲ್ಲಿ ಇದು ಸಹಜವಾದ ನಡೆ, ನಿಷೇಧ ಮಾಡಬೇಕಿಲ್ಲ. ತಪ್ಪಿರುವುದು ಲೇಸರ್‌ನಲ್ಲಿ. ಮಾಮೂಲಿ ಲೇಸರಿನ ಏಟು 500-600 ಮೀಟರ್ ದಾಟಿದ ಮೇಲೆ ಕುಗ್ಗುತ್ತಾ ಹೋಗಿ 3 ಕಿಲೋಮೀಟರಿಗೆ ಮುಗಿಯುತ್ತದೆ. ಆ ನಿಯಮ ಹತ್ತಿರ ಬಂದವನಿಗೆ ಬಹುಮಾನ ಕೊಡುತ್ತದೆ. ಲಾಂಗ್ ರೇಂಜ್ ಐದನೇ ಹಂತ ಹಾಕಿದರೆ ದೂರ 6 ಕಿಲೋಮೀಟರ್ ಆಗುತ್ತದೆ, ಏಟು ಕುಗ್ಗುವುದೇ ಇಲ್ಲ. ಆಗ ಹತ್ತಿರ ಬರಲು ಬಿಡದೆ, ದೂರದಲ್ಲೇ ಹಿಂದೆ ಜಾರುತ್ತಾ ಹೊಡೆಯುವವನಿಗೆ ಯಾವ ಕಷ್ಟವೂ ಇಲ್ಲ. ನಿಧಾನ ಯಾ, ನೀಲಿ ಪಟ್ಟಿ, ಉರುಳಿ ಮೂಗೆತ್ತುವುದು, ಇವೆಲ್ಲ ಆರು ಕಿಲೋಮೀಟರ್ ದೂರದಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ದೂರ ಹೆಚ್ಚಾಗಲಿ, ಬೇಡ ಅನ್ನುವುದಿಲ್ಲ. ಆದರೆ ದೂರ ಹೋದಂತೆ ಏಟು ಕುಗ್ಗುವ ನಿಯಮ ಉಳಿಯಲಿ.

ಇದಕ್ಕೆ ಎದುರಾಗಿ ಪ್ಲಾಸ್ಮಾ ಆಕ್ಸಲರೇಟರ್ ನೋಡಿ. ಅದರ ಉಂಡೆ ಸೆಕೆಂಡಿಗೆ 875 ಮೀಟರ್ ಹೋಗುತ್ತದೆ. ಒಂದು ಕಿಲೋಮೀಟರ್ ದೂರದವನಿಗೆ ಬಡಿಯಲು ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಆ ಒಂದು ಸೆಕೆಂಡಿನಲ್ಲಿ ಮೇಲಕ್ಕೋ ಪಕ್ಕಕ್ಕೋ ಥ್ರಸ್ಟರ್ ಕೊಟ್ಟು ತಪ್ಪಿಸಿಕೊಳ್ಳಬಹುದು. ತಪ್ಪಿಸಿಕೊಳ್ಳುತ್ತಾನೆ ಅಂತ ಊಹಿಸಿ ಅಲ್ಲಿಗೇ ಗುರಿ ಇಡಬಹುದು. ಹೊಡೆಯುವವನಿಗೂ ವಿದ್ಯೆ ಬೇಕು, ತಪ್ಪಿಸಿಕೊಳ್ಳುವವನಿಗೂ ವಿದ್ಯೆ ಬೇಕು. ನಿಮ್ಮ ಆಯುಧಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ಎಲ್ಲ ಆಯುಧವೂ ಹೀಗಿರಬೇಕು ಅಂತಲ್ಲ, ಅಳತೆಗೋಲು ಮಾತ್ರ ಇದಾಗಲಿ.

ಸಮತೋಲನ ಸರಿ ಮಾಡಲು ಹಾರಾಟವನ್ನೇ ಬದಲಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಪಕ್ಕದ ಆಟವೇ ಇದೆ. ಸ್ಟಾರ್ ಸಿಟಿಜನ್ 2024ರ 3.23 ಆವೃತ್ತಿಯಲ್ಲಿ ಮಾಸ್ಟರ್ ಮೋಡ್ಸ್ ತಂದಿತು. ಆಯುಧ, ಶೀಲ್ಡ್ ಬೇಕಾದರೆ ನಿಧಾನ ಹೋಗು, ವೇಗ ಬೇಕಾದರೆ ಅವೆರಡನ್ನೂ ಬಿಡು ಅನ್ನುವ ನಿಯಮ. ಭಾರೀ ವೇಗದಲ್ಲಿ ದಾಟಿ ದಾಟಿ ಹೊಡೆಯುವುದು ನಿಂತು ಕಾಳಗ ಹತ್ತಿರಕ್ಕೆ ಬರಲಿ ಅನ್ನುವ ಉದ್ದೇಶ ನನಗೆ ಅರ್ಥ ಆಗುತ್ತದೆ. ಆದರೆ ವರ್ಷಗಟ್ಟಲೆ ಕಲಿತ ಕೈಗಳು ಒಂದೇ ದಿನದಲ್ಲಿ ಹಳತಾದವು. ಆ ಆಟದ ಪೈಲಟ್‌ಗಳ ನಡುವೆ ದೊಡ್ಡ ಜಗಳವೇ ಆಯಿತು. ನಿಮಗೆ ಆ ಕಷ್ಟವೇ ಬೇಕಿಲ್ಲ. ಅವರು ಹುಡುಕುತ್ತಿರುವ ಹತ್ತಿರದ ಕಾಳಗ ನಿಮ್ಮ ಹಾರಾಟದಲ್ಲಿ 2014ರಿಂದಲೇ ಇದೆ. ನೀವು ಬದಲಿಸಬೇಕಾದದ್ದು ಕೆಲವು ಅಂಕಿಗಳನ್ನು ಅಷ್ಟೇ.

ನಂಬಿಕೆ ಬರದಿದ್ದರೆ ನಿಮ್ಮದೇ ಸಿಕ್ಯೂಸಿ ನೋಡಿ, ಮುಖ್ಯ ಆಟದಿಂದ ಬೇರೆಯಾಗಿ ನಡೆಯುವ ಸಣ್ಣ ಕಾಳಗ ಪಂದ್ಯ ಅದು. ಅಲ್ಲಿ ಎಂಜಿನಿಯರಿಂಗ್ ಇಲ್ಲ. ಸೈಡ್‌ವೈಂಡರ್, ಈಗಲ್, ಕಾಂಡರ್, ಇಂಪೀರಿಯಲ್ ಫೈಟರ್ ಇಷ್ಟೇ ನೌಕೆಗಳು. ಕಟ್ಟಡಗಳ ಸಂದಿಯಲ್ಲಿ ನುಗ್ಗಿ, ಅಸಿಸ್ಟ್ ಆಫ್ ಮಾಡಿ ತಿರುವಿನಲ್ಲಿ ಜಾರಿ, ಕೆಲವೇ ಸೆಕೆಂಡಿನಲ್ಲಿ ಗೆಲುವು ಸೋಲು ತೀರ್ಮಾನ ಆಗುತ್ತದೆ. 2016ರಲ್ಲಿ ಅದನ್ನು ಅರೀನಾ ಅಂತ ಬೇರೆ ಆಟವಾಗಿಯೂ ಮಾರಿದಿರಿ, ಆಮೇಲೆ ನಿಲ್ಲಿಸಿದಿರಿ. ಈಗ ಅಲ್ಲಿಗೆ ಹೋದರೆ ಪಂದ್ಯ ಶುರುವಾಗಲು ಜನ ಸಿಗುವುದೇ ಕಷ್ಟ. ಜನ ಬರದಿರುವುದಕ್ಕೆ ಕಾರಣ ಅಲ್ಲಿನ ಕಾಳಗ ಅಲ್ಲ. ಅಲ್ಲಿ ಗೆದ್ದದ್ದಕ್ಕೆ ಮುಖ್ಯ ಆಟದಲ್ಲಿ ಹೆಚ್ಚೇನೂ ಸಿಗುವುದಿಲ್ಲ, ತಮ್ಮ ಸ್ವಂತ ನೌಕೆಯನ್ನು ಅಲ್ಲಿಗೆ ಒಯ್ಯಲೂ ಆಗುವುದಿಲ್ಲ. ಕಾಳಗ ಮಾತ್ರ ಚಿನ್ನದಂಥದ್ದು. ಅದನ್ನು ಮುಖ್ಯ ಆಟಕ್ಕೆ ತನ್ನಿ ಅಂತ ಕೇಳುತ್ತಿದ್ದೇನೆ.

ನಮ್ಮ ಕಡೆಯ ಆಟಗಾರರ ಒಂದು ಮಾತೂ ಸೇರಿಸುತ್ತೇನೆ. ನಿಮ್ಮ ಆಟದಲ್ಲಿ ಆಟಗಾರರ ಕಂಪ್ಯೂಟರ್‌ಗಳು ನೇರವಾಗಿ ಒಂದಕ್ಕೊಂದು ಮಾತಾಡುತ್ತವೆ. ಬೆಂಗಳೂರಿನಿಂದ ಲಂಡನ್ ಸುಮಾರು 8,000 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಕೇಬಲ್ ಒಂದೇ ನೇರಕ್ಕೆ ಇದ್ದರೂ ಹೋಗಿ ಬರಲು 80 ಮಿಲಿಸೆಕೆಂಡ್ ಬೇಕು. ಕೇಬಲ್ ನೇರ ಇಲ್ಲ, ಹಾಗಾಗಿ ಇನ್ನೂ ಜಾಸ್ತಿ. ಇಬ್ಬರು ತಲಾ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಎದುರುಬದುರು ಬಂದರೆ ಆ 80 ಮಿಲಿಸೆಕೆಂಡಿನಲ್ಲಿ ನಡುವಿನ ದೂರ 64 ಮೀಟರ್ ಬದಲಾಗುತ್ತದೆ. ಫರ್-ಡಿ-ಲ್ಯಾನ್ಸ್‌ನ ಉದ್ದವೇ ಸುಮಾರು 73 ಮೀಟರ್. ಅಂದರೆ ನನ್ನ ಸಂದೇಶ ಹೋಗಿ ಉತ್ತರ ಬರುವಷ್ಟರಲ್ಲಿ ನಡುವಿನ ದೂರ ಹೆಚ್ಚುಕಡಿಮೆ ಒಂದು ನೌಕೆಯಷ್ಟು ಬದಲಾಗಿರುತ್ತದೆ. ಬೆಳಕಿನ ವೇಗ ಬದಲಿಸಿ ಅಂತ ಯಾರೂ ಕೇಳುವುದಿಲ್ಲ. ಎದುರಾಳಿಯ ಸಂಪರ್ಕ ಎಷ್ಟು ನಿಧಾನ ಅಂತ ಅವನ ಹೆಸರಿನ ಪಕ್ಕ ಒಂದು ಚಿಕ್ಕ ಗುರುತು ತೋರಿಸಿ. ಇಬ್ಬರೂ ಒಪ್ಪಿ ಕಾದಾಡುವಾಗ ಸಂದೇಹ ಕಡಿಮೆಯಾಗುತ್ತದೆ. ಎದುರಿನವನು ಮೋಸ ಮಾಡುತ್ತಿದ್ದಾನೆ ಅನ್ನುವ ಎಷ್ಟೋ ಆರೋಪಗಳು ಬರೀ ದೂರದಿಂದ ಹುಟ್ಟಿದವು.

ಈಗ ಎದುರು ಮಾತುಗಳಿಗೆ ಬರುತ್ತೇನೆ. ಶೀಲ್ಡ್ ಕಡಿಮೆ ಮಾಡಿದರೆ ವ್ಯಾಪಾರ ಮಾಡುವವರು, ಗಣಿ ಕೆಲಸ ಮಾಡುವವರು ಇನ್ನೂ ಸುಲಭದ ಬೇಟೆ ಆಗುತ್ತಾರೆ ಅನ್ನುತ್ತಾರೆ. ನ್ಯಾಯವಾದ ಭಯ. ಆದರೆ ನಾನು ಕೇಳುತ್ತಿರುವುದು ತಳವನ್ನು ಇಳಿಸಿ ಅಂತಲ್ಲ, ತುದಿಯನ್ನು ಇಳಿಸಿ ಅಂತ. ಒಂದೋ ಎರಡೋ ಬೂಸ್ಟರ್ ಹಾಕಿದ ಸರಕು ನೌಕೆಯ ಬಲ ಹಾಗೇ ಇರಲಿ. ಎಂಟನೇ ಬೂಸ್ಟರ್ ಕೊಡುವ ಲಾಭ ಮೊದಲನೆಯದರಷ್ಟೇ ಇರುವುದು ಬೇಡ. ಜೊತೆಗೆ, ಕಾದು ಕುಳಿತು ಹೊಡೆಯುವವನ ಶೀಲ್ಡೂ ಇಳಿಯುತ್ತದಲ್ಲ? ಇವತ್ತು ಅವನಿಗೆ ಯಾವ ಅಪಾಯವೂ ಇಲ್ಲ. ಅವನನ್ನು ಅಟ್ಟಿಸಿಕೊಂಡು ಹೋಗುವ ಕಾವಲು ಪೈಲಟ್‌ಗಳಿಗೂ ಅವನು ಕೈಗೆ ಸಿಗುವುದಿಲ್ಲ, ಇದೇ ಗೋಡೆಯ ಹಿಂದೆ ನಿಂತು ನೆಗೆದು ಹೋಗುತ್ತಾನೆ. ಗೋಡೆ ತಗ್ಗಿದರೆ ಮೊದಲು ಬೆವರುವವನು ಅವನೇ.

ಥಾರ್ಗಾಯ್ಡ್ ಅನ್ನುವ ಅನ್ಯಲೋಕದ ಶತ್ರುಗಳ ಜೊತೆ, ಕಂಪ್ಯೂಟರ್ ಓಡಿಸುವ ನೌಕೆಗಳ ಜೊತೆ ಕಾದಾಡುವವರ ಕಥೆ ಏನು ಅಂತಲೂ ಕೇಳುತ್ತಾರೆ. ಅಲ್ಲಿನ ಎದುರಾಳಿಯ ಬಲ ನಿಮ್ಮ ಕೈಯಲ್ಲಿದೆ. ಹೊಂದಿಸಿಕೊಳ್ಳಬಹುದು. ಆಟಗಾರನ ವಿರುದ್ಧ ಆಟಗಾರ ಹೊಡೆದಾಗ ಮಾತ್ರ ಬೇರೆ ಲೆಕ್ಕ ಇಡುವುದೂ ಒಂದು ದಾರಿ. ನನಗೆ ಅದು ಅಷ್ಟು ಇಷ್ಟವಿಲ್ಲ, ಒಂದೇ ಜಗತ್ತಿಗೆ ಒಂದೇ ನಿಯಮ ಇದ್ದರೆ ಚೆಂದ. ಆದರೂ ಏನೂ ಮಾಡದೇ ಇರುವುದಕ್ಕಿಂತ ಅದು ವಾಸಿ.

ಕಷ್ಟಪಟ್ಟು ಐದನೇ ಹಂತ ಮಾಡಿಕೊಂಡವರ ಶ್ರಮ ವ್ಯರ್ಥ ಆಗುತ್ತದೆ ಅನ್ನುವ ಮಾತು ನನ್ನ ಮನಸ್ಸಿಗೂ ತಟ್ಟುತ್ತದೆ. 2016ರಲ್ಲಿ ಎಂಜಿನಿಯರಿಂಗ್ ಪೂರ್ತಿ ಅದೃಷ್ಟದ ಆಟವಾಗಿತ್ತು. 2018ರಲ್ಲಿ ಹಾಕಿದ್ದಕ್ಕೆಲ್ಲ ಸ್ವಲ್ಪವಾದರೂ ಮುಂದೆ ಹೋಗುವಂತೆ ಮಾಡಿದಿರಿ. 2024ರಲ್ಲಿ ಸಾಮಗ್ರಿ ಕೂಡಿಸುವುದನ್ನೂ ಹಗುರ ಮಾಡಿದಿರಿ. ಒಳ್ಳೆಯ ಕೆಲಸ, ಮನಸಾರೆ ಧನ್ಯವಾದ. ಆದರೆ ಅದರಿಂದ ಇನ್ನೊಂದು ಆಗಿದೆ. ಈಗ ತುದಿ ಮುಟ್ಟುವುದು ಕಷ್ಟವಿಲ್ಲ, ಆದ್ದರಿಂದ ತುದಿಯೇ ಎಲ್ಲರ ಮಟ್ಟವಾಗುತ್ತಿದೆ. ತುದಿಯನ್ನು ಸರಿಪಡಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಬದಲಾವಣೆ ಆದ ದಿನ ಎಲ್ಲರಿಗೂ ತಮ್ಮ ಬೂಸ್ಟರ್‌ಗಳನ್ನು ಖರ್ಚಿಲ್ಲದೆ ಬೇರೆ ಸುಧಾರಣೆಗೆ ಬದಲಿಸಿಕೊಳ್ಳಲು ಬಿಡಿ. ಶ್ರಮ ಉಳಿಯುತ್ತದೆ.

ಹೊಸ ನೌಕೆಗಳ ಮಾರಾಟದ ಬಗ್ಗೆಯೂ ಒಂದು ಮಾತು. ಪೈಥಾನ್ ಮಾರ್ಕ್ 2 ಅನ್ನು 2024ರ ಮೇ ತಿಂಗಳಲ್ಲಿ ಮೊದಲು ಆರ್ಕ್ಸ್, ಅಂದರೆ ಹೆಚ್ಚಾಗಿ ನಿಜವಾದ ದುಡ್ಡಿಗೆ ಕೊಳ್ಳುವ ಆಟದ ನಾಣ್ಯ, ಕೊಟ್ಟವರಿಗೆ ಬಿಟ್ಟಿರಿ, ಆಟದೊಳಗಿನ ಕ್ರೆಡಿಟ್‌ಗೆ ಆಗಸ್ಟ್‌ನಲ್ಲಿ ಬಿಟ್ಟಿರಿ. ಕಂಪನಿಗೆ ಆದಾಯ ಬೇಕು, ಆಟ ಉಳಿಯಬೇಕು, ಒಪ್ಪುತ್ತೇನೆ. ಸರಕಿನ ನೌಕೆ, ಅನ್ವೇಷಣೆಯ ನೌಕೆ ಹೀಗೆ ಮಾರಿದರೆ ಯಾರಿಗೂ ನಷ್ಟವಿಲ್ಲ. ಆದರೆ ಕಾಳಗಕ್ಕೇ ಕಟ್ಟಿದ ನೌಕೆ ಮೂರು ತಿಂಗಳು ದುಡ್ಡು ಕೊಟ್ಟವರ ಕೈಯಲ್ಲಿ ಮಾತ್ರ ಇರುವುದು ನ್ಯಾಯವಲ್ಲ. ಅದನ್ನು ಎಲ್ಲರಿಗೂ ಒಂದೇ ದಿನ ಬಿಡಿ. ಬಣ್ಣ, ಅಲಂಕಾರಗಳನ್ನು ಮಾರಿ, ಕೊಳ್ಳುತ್ತೇವೆ.

ಬೂಸ್ಟರ್ ವಿಷಯದಲ್ಲಿ ನೀವು ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ. ಶೀಲ್ಡ್‌ನ ಪ್ರತಿರೋಧಕ್ಕೆ, ಅಂದರೆ ಒಂದೊಂದು ಬಗೆಯ ಏಟನ್ನು ತಗ್ಗಿಸುವ ಗುಣಕ್ಕೆ, ನಿಮ್ಮ ಆಟದಲ್ಲಿ ಆಗಲೇ ಒಂದು ನಿಯಮ ಇದೆ. 50 ಪರ್ಸೆಂಟ್ ದಾಟಿದ ಮೇಲೆ ಸೇರುವ ಪ್ರತಿರೋಧ ಅರ್ಧವೇ ಲೆಕ್ಕಕ್ಕೆ ಬರುತ್ತದೆ. ಅದೇ ನಿಯಮವನ್ನು ಶೀಲ್ಡ್‌ನ ಬಲಕ್ಕೂ ತನ್ನಿ. ಎಲ್ಲಿಂದ ಅರ್ಧ ಮಾಡಬೇಕು ಅನ್ನುವ ಗೆರೆಯನ್ನು ನೀವೇ ಆಡಿಸಿ ನೋಡಿ ಎಳೆಯಿರಿ. ನನ್ನ ಅಂದಾಜಿನಲ್ಲಿ ಮೂಲ ಬಲದ ಎರಡೂವರೆ ಪಟ್ಟಿನ ಆಸುಪಾಸು ಸರಿ ಹೋಗಬಹುದು. ಎಂಜಿನಿಯರಿಂಗ್ ಬರುವ ಮೊದಲು ದೊಡ್ಡ ನೌಕೆಗಳು ಎಂಟು ಬೂಸ್ಟರ್ ಹಾಕಿ ಮುಟ್ಟುತ್ತಿದ್ದ ಎತ್ತರ ಅದೇ.

ನೇರವಾಗಿ ಆಟಕ್ಕೆ ಹಾಕುವ ಮೊದಲು ಒಂದು ಪರೀಕ್ಷಾ ಸರ್ವರ್ ತೆರೆಯಿರಿ. ಹಳೆಯ ಹೊಸ ಪೈಲಟ್‌ಗಳನ್ನು ಒಂದೇ ಥರದ ನೌಕೆಯಲ್ಲಿ ಕೂರಿಸಿ, ಒಮ್ಮೆ ಇವತ್ತಿನ ಶೀಲ್ಡ್ ಲೆಕ್ಕದಲ್ಲಿ, ಒಮ್ಮೆ ಹೊಸ ಲೆಕ್ಕದಲ್ಲಿ ಆಡಿಸಿ. ಎಷ್ಟು ಕಾಳಗಗಳು ಒಬ್ಬರ ಸೋಲಿನಲ್ಲಿ ಮುಗಿದವು, ಎಷ್ಟರಲ್ಲಿ ಒಬ್ಬರು ನೆಗೆದು ಹೋದರು ಅಂತ ಎಣಿಸಿ, ಆ ಅಂಕಿಗಳನ್ನು ನಮ್ಮ ಮುಂದೆಯೂ ಇಡಿ. ಯುರೋಪಿನ ಸಂಜೆ ಹೊತ್ತಿಗೆ ಇಲ್ಲಿ ನಡುರಾತ್ರಿ ಆಗಿರುತ್ತದೆ. ಪರವಾಗಿಲ್ಲ, ಇಲ್ಲಿಂದ ಬರಲು ತಯಾರಿರುವವರಿದ್ದಾರೆ. ದಿನಾಂಕ ಹೇಳಿ.

ಇಂತಿ,
ಬೆಂಗಳೂರಿನ ಒಬ್ಬ ಕಮಾಂಡರ್